ಅಪ್‌ಡೇಟ್: ಅಮ್ಮನಿಗೆ ಒಪ್ಪುವ ಪತ್ತೇದಾರಿ ಕಾದಂಬರಿ ಸಿಕ್ಕಿತು

ಪೊಲೀಸರಲ್ಲ, ಸಾಮಾನ್ಯ ಜನರೇ ಕೊಲೆ ಪತ್ತೆ ಹಚ್ಚುವ ಹೊಸ ಇಂಗ್ಲಿಷ್ ಕಾದಂಬರಿ ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಬೇಕು ಅಂತ ಕೇಳಿದ್ದೆನಲ್ಲ. ಸಾಗರದವರೊಬ್ಬರು ಹೇಳಿದ ರಿಚರ್ಡ್ ಆಸ್ಮನ್ ಅವರ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ (2020) ಸರಿಯಾಗಿ ಹಿಡಿಸಿತು. ಎಪ್ಪತ್ತು ದಾಟಿದ ನಾಲ್ವರು ಪ್ರತಿ ಗುರುವಾರ ಸೇರಿ ಹಳೇ ಕೇಸು ಕೆದಕುತ್ತಾರೆ. ಯಾರೂ ಒಳಗೆ ಬರಬಾರದು ಅಂತ ಆ ಕೋಣೆಯನ್ನು ‘ಜಪಾನಿ ಒಪೆರಾ ಚರ್ಚೆ’ ಅಂತ ಬುಕ್ ಮಾಡಿರುತ್ತಾರೆ! ಅಮ್ಮ ಅದನ್ನು ಫೋನಿನಲ್ಲಿ ಓದಿ ಹೇಳಿ ನಕ್ಕಿದ್ದೇ ನಕ್ಕಿದ್ದು. ಇದು ಸರಣಿ ಅಂತ ಆಮೇಲೆ ಗೊತ್ತಾಯಿತು, ಎರಡನೆಯದು 2021ರಲ್ಲೇ ಬಂದಿದೆ.

ನೀಟಾ ಪ್ರೋಸ್ ಅವರ ‘ದಿ ಮೇಡ್’ (2022) ಅರ್ಧಕ್ಕೇ ನಿಂತಿತು. ಹೋಟೆಲ್ ಕೆಲಸದ ಹುಡುಗಿಯ ಮೇಲೇ ಅನುಮಾನ ಬರುತ್ತದೆ. ಪತ್ತೇದಾರಿಗಿಂತ ಅವಳ ಕಷ್ಟವೇ ಜಾಸ್ತಿ ಅನ್ನಿಸಿತಂತೆ.

ಈಗ ಜೆಸ್ಸಿ ಸುಟಾಂಟೊ ಅವರ ವೆರಾ ವಾಂಗ್ ಕಥೆ (2023) ಶುರುವಾಗಿದೆ. ಟೀ ಅಂಗಡಿಯ ಅರವತ್ತರ ಹೆಂಗಸು ಹೆಣದ ಕೈಯಿಂದ ಪೆನ್‌ಡ್ರೈವ್ ಎತ್ತಿಟ್ಟುಕೊಂಡು ತಾನೇ ತನಿಖೆಗೆ ಇಳಿಯುತ್ತಾಳೆ. ಹೇಳಿದವರಿಗೆಲ್ಲ ತುಂಬಾ ಥ್ಯಾಂಕ್ಸ್.