ಸಹಾಯ ಬೇಕು: ಎಟಿವಿಯ ಎಂಜಿನ್ ಆಯಿಲ್ ತಾನಾಗಿಯೇ ಏರುತ್ತಿದೆ!

ನನ್ನದು ಕಾರ್ಬುರೇಟರ್ ಇರುವ ಹಳೇ ಎಟಿವಿ (ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ). ಆಯಿಲ್ ಕಮ್ಮಿಯಾಗುವುದನ್ನು ಕೇಳಿದ್ದೇನೆ, ಇಲ್ಲಿ ಜಾಸ್ತಿಯಾಗಿದೆ! ಹೊಸ ಆಯಿಲ್ ಹಾಕಿ ಮೇಲಿನ ಗೆರೆಗೆ ಸರಿಯಾಗಿ ನಿಲ್ಲಿಸಿದ್ದೆ. ಗಾಡಿ ಎರಡು ವಾರ ಸುಮ್ನೆ ನಿಂತಿತ್ತು. ಮೊನ್ನೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದರೆ ಗೆರೆಗಿಂತ ಒಂದು ಬೆರಳು ಮೇಲಿದೆ. ಆಯಿಲ್ ತೆಳ್ಳಗಾಗಿದೆ, ಪೆಟ್ರೋಲ್ ವಾಸನೆ ಬೇರೆ. ಹಾಲಿನ ಬಣ್ಣಕ್ಕೆ ತಿರುಗಿಲ್ಲ, ಹಾಗಾಗಿ ನೀರು ಸೇರಿರಲಿಕ್ಕಿಲ್ಲ. ಗಾಡಿ ಸಮತಟ್ಟಾದ ನೆಲದಲ್ಲೇ ಇತ್ತು, ನೋಡಿದ್ದರಲ್ಲಿ ತಪ್ಪಿಲ್ಲ.

ಟ್ಯಾಂಕ್‌ನ ಪೆಟ್ರೋಲ್ ನಿಲ್ಲಿಸುವ ಕಾಕ್ ಆಫ್ ಮಾಡಲು ಮರೆತಿದ್ದೆ (ಬೈಯಬೇಡಿ). ಫ್ಲೋಟ್ ನೀಡಲ್ (ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ತಡೆಯುವ ಸೂಜಿ) ಸರಿಯಾಗಿ ಮುಚ್ಚದೆ ಪೆಟ್ರೋಲ್ ಕ್ರ್ಯಾಂಕ್‌ಕೇಸ್‌ಗೆ (ಆಯಿಲ್ ನಿಲ್ಲುವ ಎಂಜಿನ್ ಕೆಳಭಾಗಕ್ಕೆ) ಇಳಿದಿರಬಹುದು, ಅಲ್ವಾ? ನೀಡಲ್ ಮಾತ್ರ ಬದಲಿಸಿದರೆ ಸಾಕಾ, ಅದು ಕೂರುವ ಸೀಟನ್ನೂ ನೋಡಬೇಕಾ? ಇದನ್ನು ಸರಿಮಾಡಿ ಆಯಿಲ್ ಬದಲಿಸುವ ತನಕ ಸ್ಟಾರ್ಟ್ ಮಾಡುವ ಧೈರ್ಯ ಇಲ್ಲ. ಇದೇ ಕಾಟ ಅನುಭವಿಸಿದವರು ದಯವಿಟ್ಟು ಹೇಳಿ.