ಬಿಎಎಫ್ ಇಳಿಸಿದ ಮೇಲೆ ಸೆಲ್‌ಗಳು ಸಾಯುತ್ತಿವೆಯೋ, ಸುಮ್ನೆ ನಿಂತಿವೆಯೋ?

ಪ್ರಶ್ನೆ:
ಆರ್‌ಪಿಇ-1 ಸೆಲ್‌ಗಳಿಗೆ (ಮನುಷ್ಯನ ಕಣ್ಣಿನ ರೆಟಿನಾದಿಂದ ಬಂದವು) ಎಸ್‌ಐಆರ್‌ಎನ್‌ಎ, ಅಂದರೆ ಒಂದು ಪ್ರೋಟೀನ್ ತಯಾರಾಗದಂತೆ ತಡೆಯುವ ಪುಟ್ಟ ಆರ್‌ಎನ್‌ಎ ಹಾಕಿ, ಡಿಎನ್‌ಎಗೆ ಅಂಟುವ ಬಿಎಎಫ್ ಪ್ರೋಟೀನ್ ಇಳಿಸಿದ್ದೇನೆ. ಪ್ರೋಟೀನ್ ಎಷ್ಟಿದೆ ಎಂದು ತೋರಿಸುವ ಬ್ಲಾಟ್‌ನಲ್ಲಿ ಅದರ ಬ್ಯಾಂಡ್ ಹೆಚ್ಚುಕಡಿಮೆ ಮಾಯ. 24 ಗಂಟೆಗೆ ಎಲ್ಲ ಸರಿಯಿತ್ತು. 72 ಗಂಟೆಗೆ ಕಂಟ್ರೋಲ್‌ನ ಅರ್ಧದಷ್ಟೂ ಸೆಲ್‌ಗಳಿಲ್ಲ. ಉಳಿದವುಗಳಲ್ಲಿ ಒಂದು ದುಂಡನೆ ನ್ಯೂಕ್ಲಿಯಸ್ ಇರಬೇಕಾದ ಕಡೆ ನಾಲ್ಕೈದು ಚೂರುಗಳು ಗೊಂಚಲು ಕಟ್ಟಿವೆ. ಎರಡು ಸಲ ಪಿಬಿಎಸ್‌ನಲ್ಲಿ (ಉಪ್ಪಿನ ದ್ರಾವಣ) ತೊಳೆದು, ತಳದಿಂದ ಬಿಡಿಸಲು ಟ್ರಿಪ್ಸಿನ್ ಹಾಕಿ, ಸತ್ತ ಸೆಲ್‌ಗಳಿಗೆ ಮಾತ್ರ ಬಣ್ಣ ಹತ್ತಿಸುವ ಟ್ರಿಪ್ಯಾನ್ ಬ್ಲೂ ಜೊತೆ ಎಣಿಸಿದೆ. ನೀಲಿ ಸೆಲ್‌ಗಳು ತೀರಾ ಕಡಿಮೆ. ಸತ್ತಿದ್ದರೆ ನೀಲಿ ಕಾಣಬೇಕಿತ್ತು, ಅಲ್ವಾ?

ಉತ್ತರ:
ತೊಳೆದ ದ್ರವವನ್ನು ಚೆಲ್ಲಿಬಿಟ್ಟಿರಾ? ಸತ್ತ ಸೆಲ್‌ಗಳು ತಳ ಬಿಟ್ಟು ತೇಲುತ್ತವೆ. ವಿಭಜನೆಗೆ ದುಂಡಗಾದವೂ ಸಡಿಲವಾಗಿರುತ್ತವೆ. ನಿಮ್ಮ ಲೆಕ್ಕ ಅಲ್ಲೇ ಸೋರಿದೆ. ಹಳೆ ಮೀಡಿಯಂ, ತೊಳೆದ ಪಿಬಿಎಸ್ ಎರಡನ್ನೂ ಸೇರಿಸಿ ಎಣಿಸಿ.

24 ಗಂಟೆಗೆ ಏನೂ ಕಾಣದಿದ್ದದ್ದು ಸಹಜ. ಎಸ್‌ಐಆರ್‌ಎನ್‌ಎ ಹೊಸ ಪ್ರೋಟೀನ್ ತಯಾರಾಗುವುದನ್ನು ತಡೆಯುತ್ತದೆ, ಇದ್ದದ್ದನ್ನು ಅಳಿಸುವುದಿಲ್ಲ. ಹಳೆ ಬಿಎಎಫ್ ಕರಗಿದ ಮೇಲೆ ಬರುವ ವಿಭಜನೆಯಲ್ಲೇ ಪೆಟ್ಟು ಬೀಳುವುದು.

ಚೂರುಗಳ ಗುಟ್ಟು ಇಲ್ಲಿದೆ. ಬಿಎಎಫ್ ಬರೀ 89 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಎರಡೆರಡು ಜೋಡಿಯಾಗಿ ಡಿಎನ್‌ಎ ಎಳೆಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ. ವಿಭಜನೆಯ ಕೊನೆಗೆ ವರ್ಣತಂತುಗಳ ಇಡೀ ಗುಂಪಿನ ಹೊರಮೈಗೆ ಬಿಗಿಯಾಗಿ ಮೆತ್ತಿಕೊಳ್ಳುತ್ತದೆ. ನ್ಯೂಕ್ಲಿಯಸ್ಸಿನ ಹೊಸ ಪೊರೆ ಆ ಹೊರಮೈ ಮೇಲೇ ಕೂರಬೇಕು. ಬಿಎಎಫ್ ಇಲ್ಲದಿದ್ದರೆ ಪೊರೆ ವರ್ಣತಂತುಗಳ ಸಂದಿಗೂ ನುಗ್ಗುತ್ತದೆ, ಒಂದೊಂದು ಗುಂಪಿಗೂ ಬೇರೆ ಬೇರೆ ಪೊರೆ ಸುತ್ತುತ್ತದೆ. 2017ರಲ್ಲಿ ವಿಯೆನ್ನಾದ ತಂಡ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು.

ಇನ್ನು ಸಂಖ್ಯೆ ಇಳಿದ ಮಾತ್ರಕ್ಕೆ ಸಾವು ಅಂತ ಅಲ್ಲ. ಆರ್‌ಪಿಇ-1ರಲ್ಲಿ ಸೆಲ್‌ನ ಕಾವಲು ಪ್ರೋಟೀನ್ ಪಿ53 ಸರಿಯಾಗಿದೆ. ವಿಭಜನೆ ಕೆಟ್ಟ ಮೇಲೆ ಅದು ಎಷ್ಟೋ ಸಲ ಸೆಲ್ ಅನ್ನು ಕೊಲ್ಲದೆ ನಿಲ್ಲಿಸಿಬಿಡುತ್ತದೆ. ಹೀಲಾದಲ್ಲಿ (ಗರ್ಭಕಂಠದ ಕ್ಯಾನ್ಸರಿನಿಂದ ಬಂದ ಸೆಲ್‌ಗಳು) ವೈರಸ್ಸಿನ ಇ6 ಪ್ರೋಟೀನ್ ಪಿ53ನ್ನು ಕೆಡವುತ್ತದೆ, ಹಾಗಾಗಿ ಅಲ್ಲಿನ ಕಥೆಯೇ ಬೇರೆ. ಪಿ53 ಎಬ್ಬಿಸುವ, ವಿಭಜನೆ ನಿಲ್ಲಿಸುವ ಪ್ರೋಟೀನ್ ಪಿ21ಕ್ಕೆ ಸ್ಟೇನ್ ಮಾಡಿ ನೋಡಿ.

ಪ್ರಶ್ನೆ ಕೇಳಿದವರು:
ಹೌದು, ಚೆಲ್ಲಿದ್ದೆ. ಈ ಸಲ ಎಲ್ಲ ಸೇರಿಸಿ ಎಣಿಸಿದೆ. ನೀಲಿ ಸೆಲ್‌ಗಳು ಸ್ವಲ್ಪ ಜಾಸ್ತಿಯಾದವು, ಆದರೆ ಕಳೆದ ಅರ್ಧಕ್ಕೆ ಅಷ್ಟು ಸಾಲದು. ಗೊಂಚಲಿರುವ ಸೆಲ್‌ಗಳಲ್ಲಿ ಪಿ21 ಎದ್ದು ಕಾಣುತ್ತಿದೆ. ಅಂದರೆ ಹೆಚ್ಚಿನವು ನಿಂತಿವೆ ಅನ್ನಿಸುತ್ತಿದೆ. ಸತ್ತವು ಯಾಕೆ ಸತ್ತವು?

ಇನ್ನೊಬ್ಬರು:
ಅದಕ್ಕೆ ಟೈಮ್‌ಲ್ಯಾಪ್ಸೇ ಬೇಕು. ವರ್ಣತಂತುಗಳನ್ನು ಕೆಂಪಾಗಿ ತೋರಿಸುವ ಎಚ್2ಬಿ-ಎಂಚೆರಿ ಜೊತೆಗೆ, ಎನ್‌ಎಲ್‌ಎಸ್ (ನ್ಯೂಕ್ಲಿಯಸ್ಸಿನ ಒಳಗೆ ಸೇರಿಸುವ ಗುರುತು) ಹೊತ್ತ ಹಸಿರು ಪ್ರೋಟೀನ್ ಜಿಎಫ್‌ಪಿ ಹಾಕಿ. ವಿಭಜನೆ ಮುಗಿದು ಪೊರೆ ಮುಚ್ಚಿದಾಗ ಹಸಿರು ಬಣ್ಣ ಚೂರುಗಳ ಒಳಗೆ ತುಂಬಿಕೊಳ್ಳುತ್ತದೆ. ಆಮೇಲೆ ಯಾವುದೋ ಚೂರು ತಟ್ಟನೆ ಮಂಕಾದರೆ ಅಲ್ಲಿ ಪೊರೆ ಒಡೆದಿದೆ. ಒಡೆದ ಪೊರೆಗೆ ತೇಪೆ ಹಾಕುವುದಕ್ಕೂ ಬಿಎಎಫ್ ಬೇಕು, ನಿಮ್ಮಲ್ಲಿ ಅದೇ ಇಲ್ಲ. ಸತ್ತ ಪ್ರತಿ ಸೆಲ್‌ನ ಸಿನಿಮಾವನ್ನು ಹಿಂದಕ್ಕೆ ಓಡಿಸಿ, ಮೊದಲು ಹಸಿರು ಸೋರಿತ್ತಾ ನೋಡಿ. ಬೆಳಕೇ ಕೊಲ್ಲುತ್ತಿರಬಹುದು, ಆದ್ದರಿಂದ ಬೆಳಕು ಬೀಳದ ಒಂದು ಡಿಶ್ ಪಕ್ಕದಲ್ಲಿಡಿ.

ಎಸ್‌ಐಆರ್‌ಎನ್‌ಎಗೆ ಸಿಗದ ಹಾಗೆ ಬದಲಿಸಿದ ಬಿಎಎಫ್ ಅನ್ನು ಮರಳಿ ಕೊಡುವುದನ್ನು ದಯವಿಟ್ಟು ಬಿಡಬೇಡಿ. ಜೊತೆಗೆ ಜೋಡಿ ಕಟ್ಟಲಾಗದ ಜಿ47ಇ ರೂಪವನ್ನೂ ಇನ್ನೊಂದು ಡಿಶ್‌ಗೆ ಕೊಡಿ. ಮೊದಲನೆಯದರಲ್ಲಿ ನ್ಯೂಕ್ಲಿಯಸ್ ದುಂಡಗಾಗಿ, ಎರಡನೆಯದರಲ್ಲಿ ಗೊಂಚಲು ಹಾಗೇ ಉಳಿದರೆ ತಪ್ಪು ಎಸ್‌ಐಆರ್‌ಎನ್‌ಎಯದಲ್ಲ.