ಪ್ರೋಟೀನ್ ಶೇ. 18 ಉಂಟು, ಹಂದಿ ಮಾತ್ರ ಬೆಳೆಯುತ್ತಿಲ್ಲ

ಬದಿಯಡ್ಕದ ಕೃಷಿಕ:
ನಮ್ಮಲ್ಲಿ 14 ಹಂದಿಗಳುಂಟು. 28 ಕಿಲೋ ಇರುವಾಗ ಹೋಟೆಲಿನ ಉಳಿಕೆ ನಿಲ್ಲಿಸಿ ಮನೆಯಲ್ಲೇ ಫೀಡ್ ಬೆರೆಸಲು ಶುರು ಮಾಡಿದೆ. 100 ಕಿಲೋಕ್ಕೆ ಮೆಕ್ಕೆಜೋಳ 45, ತೆಂಗಿನ ಹಿಂಡಿ 38, ನೆಲಗಡಲೆ ಹಿಂಡಿ 15, ಉಪ್ಪು ಮತ್ತು ಖನಿಜ ಮಿಶ್ರಣ 2. ಲ್ಯಾಬಿನಲ್ಲಿ ಪ್ರೋಟೀನ್ ಶೇ. 18 ಬಂತು. ಆದರೆ ನಾಲ್ಕು ವಾರದಲ್ಲಿ ಏರಿದ್ದು ಬರೀ 9 ಕಿಲೋ. ಬೆಳಿಗ್ಗೆ ಗೂಡಿಗೆ ಹೋದರೆ ಕಣ್ಣುರಿಯುವಷ್ಟು ಘಾಟು. ಹುಳದ ಮದ್ದು ಕೊಟ್ಟಾಗಿದೆ. ತೆಂಗಿನ ಹಿಂಡಿ ಹತ್ತಿರದ ಎಣ್ಣೆ ಮಿಲ್ಲಿನದ್ದು, ಗಾಢ ಕಂದು ಬಣ್ಣ, ಬೂಷ್ಟು ಹಿಡಿದಿಲ್ಲ. ಎಲ್ಲಿ ತಪ್ಪಿದೆ?

ಮುಳ್ಳೇರಿಯದವ:
ನಾನು ಫೀಡ್ ಮಿಲ್ಲಿನಲ್ಲಿ ಕೆಲಸ ಮಾಡಿದವನು ಮಾರಾಯ್ರೇ, ಆ 18ನ್ನು ನಂಬಿ ಕೂರಬೇಡಿ. ಲ್ಯಾಬಿನವರು ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ, ಅಷ್ಟೇ. ಸಣ್ಣ ಕರುಳಿನಲ್ಲಿ ಎಷ್ಟು ಮೈಗೆ ಹತ್ತುತ್ತದೆ ಅಂತ ಅದು ಹೇಳುವುದಿಲ್ಲ. ಅಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋದದ್ದನ್ನು ಬ್ಯಾಕ್ಟೀರಿಯಾ ಅಮೋನಿಯಾ ಮಾಡುತ್ತವೆ. ಹೀರಿಕೊಂಡರೂ ಸರಿಹೊಂದದೆ ಮಿಕ್ಕ ಅಮೈನೋ ಆಮ್ಲ, ಅಂದರೆ ಪ್ರೋಟೀನಿನ ತುಣುಕು, ಯೂರಿಯಾ ಆಗಿ ಮೂತ್ರಕ್ಕೆ ಹೋಗುತ್ತದೆ. ನಿಮ್ಮ ಕಣ್ಣುರಿ ಅಲ್ಲಿಂದಲೇ.

ಹಂದಿಗೆ ಮೊದಲು ಕೊರತೆ ಬೀಳುವುದು ಲೈಸಿನ್ ಎಂಬ ಅಮೈನೋ ಆಮ್ಲ. ತೆಂಗಿನ ಹಿಂಡಿಯಲ್ಲಿ ಅದು ಇರುವುದೇ ಶೇ. ಅರ್ಧದ ಆಸುಪಾಸು. ಮಿಲ್ಲಿನಲ್ಲಿ ಕಾದು ಕಂದಾದರೆ ಲೈಸಿನ್ ಸಕ್ಕರೆಯ ಅಂಶಕ್ಕೆ ಅಂಟಿಕೊಂಡು ಇದ್ದದ್ದೂ ಸಿಗುವುದಿಲ್ಲ. ನಿಮ್ಮ ಮಿಶ್ರಣದ ಲೆಕ್ಕ ಹಾಕಿದೆ: ಜೀರ್ಣವಾಗುವ ಲೈಸಿನ್ ಶೇ. 0.4 ಸಹ ಇಲ್ಲ. 25ರಿಂದ 50 ಕಿಲೋ ತೂಕದಲ್ಲಿ ಸುಮಾರು 0.98 ಬೇಕು.

100 ಕಿಲೋಕ್ಕೆ ಹೀಗೆ ಬೆರೆಸಿ: ಮೆಕ್ಕೆಜೋಳ 68, ಸೋಯಾ ಹಿಂಡಿ 25, ತೆಂಗಿನ ಹಿಂಡಿ 5, ಉಪ್ಪು ಮತ್ತು ಖನಿಜ 2, ಮೇಲಿಂದ ಲೈಸಿನ್ ಪುಡಿ 250 ಗ್ರಾಂ. ಆಗಲೂ ಲ್ಯಾಬಿನಲ್ಲಿ ಹೆಚ್ಚುಕಡಿಮೆ 18ರ ಹತ್ತಿರವೇ ಬರುತ್ತದೆ, ಆದರೆ ಲೈಸಿನ್ 0.98ಕ್ಕೆ ಮುಟ್ಟುತ್ತದೆ. ಪುಡಿಯನ್ನು ಮೊದಲು ಐದು ಕಿಲೋ ಜೋಳದ ಹಿಟ್ಟಿನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ರಾಶಿಗೆ ಹಾಕಿ.

ಮಂಜೇಶ್ವರದಿಂದ:
ಸೋಯಾ ಹಿಂಡಿ ದುಬಾರಿ ಅಂತ ಹಸಿ ಸೋಯಾಕಾಳು ಬೀಸಿ ಹಾಕಬೇಡಿ. ನಾನು ಹಾಕಿ ಮರಿಗಳನ್ನು ಸೊರಗಿಸಿದ್ದೇನೆ, ಈಗಲೂ ಬೇಸರ ಉಂಟು. ಹಸಿಕಾಳಿನಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಇದೆ, ಹದವಾಗಿ ಹುರಿದರೆ ಹೋಗುತ್ತದೆ.

ಬದಿಯಡ್ಕದ ಕೃಷಿಕ:
ಹೊಸ ಫೀಡಿಗೆ ಇವತ್ತು ಮೂರು ವಾರ. 14ನ್ನೂ ತೂಗಿದೆ, ಸರಾಸರಿ 12 ಕಿಲೋ ಏರಿವೆ! ಚೀಲಕ್ಕೆ ಖರ್ಚು ಹೆಚ್ಚಾಯಿತು, ಆದರೂ ಕಿಲೋ ಮಾಂಸಕ್ಕೆ ಲೆಕ್ಕ ಹಾಕಿದರೆ ಕಡಿಮೆ. ಘಾಟೂ ಇಳಿದಿದೆ. ಮಿಕ್ಕ ತೆಂಗಿನ ಹಿಂಡಿ ಹಟ್ಟಿಯ ದನಗಳಿಗೆ ಕೊಡುತ್ತಿದ್ದೇನೆ. 50 ಕಿಲೋ ದಾಟಿದ ಮೇಲೆ ಸೋಯಾ ಎಷ್ಟು ಇಳಿಸಲಿ ಅಣ್ಣ?